ಎಂಟು ಸವಾರರು, ಒಂದು ಪದಕ

1859ರ ಜನವರಿ 15ರಂದು ಹೈದರಾಬಾದ್ ಕಾಂಟಿಂಜೆಂಟ್‌ನ ಎರಡನೆಯ ಅಶ್ವದಳದ ಅಧಿಕಾರಿಯೊಬ್ಬ ಬರೀ ಎಂಟು ಸವಾರರನ್ನು ಕಟ್ಟಿಕೊಂಡು ಚಿಚಂಬಾ ಎಂಬ ಊರಿನ ಬಳಿ ಬಂಡುಕೋರರ ಮೇಲೆ ಏರಿಹೋದ. ಬಂಡುಕೋರರು ಊರೊಳಕ್ಕೆ ಹಿಮ್ಮೆಟ್ಟಿದರು. ಕೊನೆಗೆ ಲೂಟಿಯ ಮಾಲನ್ನೂ ಬಿಟ್ಟು ಹೋದರು. ಅಧಿಕಾರಿಗೆ ಬಲವಾದ ಗಾಯವಾಯಿತು. ಜತೆಗೆ ಹೋದ ಎಂಟು ಮಂದಿಯಲ್ಲಿ ಏಳು ಮಂದಿಯನ್ನು ಅವನು ಕಳೆದುಕೊಂಡ. ಕೆಲವು ತಿಂಗಳ ಮೇಲೆ ಲಂಡನ್ ಗೆಜೆಟ್ ಈ ಸಾಹಸಕ್ಕೆ ವಿಕ್ಟೋರಿಯಾ ಕ್ರಾಸ್ ಪ್ರಕಟಿಸಿತು. ಬ್ರಿಟನ್ನಿನಲ್ಲಿ ಯುದ್ಧಶೌರ್ಯಕ್ಕೆ ಅದಕ್ಕಿಂತ ದೊಡ್ಡ ಪದಕವಿಲ್ಲ. ಅದು ಸಂದದ್ದು ಒಬ್ಬನಿಗೆ, ಕ್ಯಾಪ್ಟನ್ ಹರ್ಬರ್ಟ್ ಮ್ಯಾಕ್‌ವರ್ತ್ ಕ್ಲಾಗ್‌ಸ್ಟನ್‌ಗೆ.

ಕ್ಲಾಗ್‌ಸ್ಟನ್ ಬಗ್ಗೆ ದಾಖಲೆಗಳು ಧಾರಾಳವಾಗಿವೆ. ಅವನು ಹುಟ್ಟಿದ್ದು ಟ್ರಿನಿಡಾಡ್ ದ್ವೀಪದಲ್ಲಿ. ಮೂಲತಃ ಮದ್ರಾಸ್ ಸೈನ್ಯದ 19ನೇ ಪದಾತಿ ಪಲ್ಟಣಿನವನು. 1862ರ ಮೇ 6ರಂದು ಹಿಂಗೋಲಿಯಲ್ಲಿ ಕಾದಾಡುತ್ತ ಸತ್ತ. ಆ ಎಂಟು ಸವಾರರ ವಿಷಯದಲ್ಲಿ ಗೆಜೆಟ್ ಹೇಳುವುದು ಎರಡೇ ಸಂಖ್ಯೆ: ಹೋದವರು ಎಂಟು, ಕಳೆದುಹೋದವರು ಏಳು. ಹೆಸರಿಲ್ಲ, ಊರಿಲ್ಲ, ದರ್ಜೆಯಿಲ್ಲ. ನುಗ್ಗು ಎಂದವನಷ್ಟೇ ಧೈರ್ಯ ಅವನ ಹಿಂದೆ ನುಗ್ಗುವವನಿಗೂ ಬೇಕು. ತೀರ್ಮಾನ ತನ್ನದಲ್ಲದಿದ್ದರೂ ಕುದುರೆಗೆ ಹಿಮ್ಮಡಿ ಕೊಟ್ಟವನಿಗೆ ತುಸು ಹೆಚ್ಚೇ ಬೇಕಾದೀತು.

ಇದನ್ನು ಹಳೆಯ ಸಾಮ್ರಾಜ್ಯದ ಹಳೆಯ ಅನ್ಯಾಯವೆಂದು ಬದಿಗಿಡಬಹುದು. ಆದರೆ ನನ್ನ ವಾದ ಬೇರೆ. ಶೌರ್ಯ ಪದಕ ಯಾವ ಸರ್ಕಾರದ್ದೇ ಇರಲಿ, ಅದು ಶೌರ್ಯವನ್ನು ಅಳೆಯುವುದಿಲ್ಲ, ಸಾಕ್ಷಿಯನ್ನು ಅಳೆಯುತ್ತದೆ. ಯಾರ ಕೃತ್ಯವನ್ನು ಯಾರು ಕಂಡರು, ಕಂಡವರಿಗೆ ಬರೆಯುವ ಅಧಿಕಾರವಿತ್ತೇ, ಬರೆದದ್ದನ್ನು ಓದುವವರಿಗೆ ಆ ಕಾಳಗವನ್ನು ಒಪ್ಪಿಕೊಳ್ಳುವ ಮನಸ್ಸಿತ್ತೇ ಎಂಬ ಮೂರು ಜರಡಿಗಳನ್ನು ದಾಟಿ ಬಂದದ್ದಷ್ಟೇ ಪದಕವಾಗುತ್ತದೆ. ಇದನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. ಉಮರ್ಗಾ, ನಿಲಂಗಾ, ಉದಗೀರದ ಗಡಿಸೀಮೆಯೇ ಸಾಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಹಳೆಯ ಜಮೀನಿನ ಕಾಗದದಲ್ಲಿ ಉರ್ದು ಇರುವ ನಾಡು ಇದು. ಜಳಕೋಟ ಎಂಬ ಹೆಸರಿನ ಊರೂ ಇಲ್ಲಿ ಎರಡಿವೆ. ಒಂದು ಉದಗೀರದಾಚೆಯ ತಾಲೂಕು ಊರು, ಇನ್ನೊಂದು ನಳದುರ್ಗದ ಬಳಿ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿನದು. ಮೊದಲನೆಯ ಜಳಕೋಟದಿಂದ ಉತ್ತರಕ್ಕೆ ಹೊರಟು ನಾಂದೇಡ ದಾಟಿದರೆ ಕ್ಲಾಗ್‌ಸ್ಟನ್ ಸತ್ತ ಹಿಂಗೋಲಿ. ಎರಡನೆಯದರ ನೆರೆಯಲ್ಲೇ ಸ್ವತಂತ್ರ ಭಾರತದ ಮೊದಲ ಅಶೋಕ ಚಕ್ರಗಳಲ್ಲೊಂದರ ನೆಲ.

ಕಾಂಟಿಂಜೆಂಟ್ ಎಂದರೆ ಏನೆಂದು ಮೊದಲು ಹೇಳಬೇಕು. ಹೆಸರಿಗೆ ನಿಜಾಮನ ಸೈನ್ಯ, ಹುಕುಂ ಬ್ರಿಟಿಷ್ ಅಧಿಕಾರಿಗಳದು, ಖರ್ಚು ನಿಜಾಮನದು. ಹಿಂಗೋಲಿ, ಔರಂಗಾಬಾದ್, ಮೊಮಿನಾಬಾದ್ ಎಂದು ಕರೆಯುತ್ತಿದ್ದ ಅಂಬಾಜೋಗಾಯಿ, ನಮ್ಮ ಲಿಂಗಸುಗೂರು, ಹೀಗೆ ಅಲ್ಲಲ್ಲಿ ಅದರ ಛಾವಣಿಗಳಿದ್ದವು. ಸಂಬಳದ ಬಾಕಿ ಏರುತ್ತ ಹೋಗಿ, 1853ರ ಒಪ್ಪಂದದಲ್ಲಿ ನಿಜಾಮ ಮೂರು ಸೀಮೆಗಳ ಕಂದಾಯವನ್ನು ಕಂಪನಿಗೆ ಬಿಟ್ಟುಕೊಟ್ಟ: ವರ್ಹಾಡ, ರಾಯಚೂರು ದೋಆಬ, ಮತ್ತು ನಳದುರ್ಗ–ಧಾರಾಶಿವ ಸೀಮೆ. ಕೊನೆಯ ಎರಡು ಅವನ ಕೈಗೆ ಮರಳಿದ್ದು 1860ರಲ್ಲಿ. ಎಂದರೆ ಚಿಚಂಬಾದಲ್ಲಿ ಆ ಎಂಟು ಕುದುರೆಗಳು ಓಡಿದಾಗ ಅವುಗಳ ಸವಾರರ ಸಂಬಳಕ್ಕೆ ನಳದುರ್ಗದ ಜೋಳದ ಹೊಲಗಳೂ ರಾಯಚೂರಿನ ಎರೆ ಭೂಮಿಯೂ ತೆರಿಗೆ ಕಟ್ಟುತ್ತಿದ್ದವು. ಕಾಂಟಿಂಜೆಂಟ್‌ನ ಸವಾರಿಪಡೆಯಲ್ಲಿ ಸಿಲ್ಲೇದಾರಿ ಪದ್ಧತಿ ಇತ್ತು. ಕುದುರೆ ಸರ್ಕಾರದ್ದಲ್ಲ, ಸವಾರನದು ಇಲ್ಲವೇ ಅವನನ್ನು ಕೂಲಿಗಿಟ್ಟ ಸಿಲ್ಲೇದಾರನದು. ಹಣ ರೈತನದು, ಕುದುರೆ ಸವಾರನದು, ಪ್ರಾಣವೂ ಅವನದೇ. ಲಂಡನ್ನಿನ ಪಾಲಿನದು ಪದಕದ ಕಂಚಷ್ಟೇ.

ಇಷ್ಟು ಹೇಳಿದ ಮೇಲೆ ಆ ಕಂಚಿಗೂ ಅದರ ನ್ಯಾಯ ಸಲ್ಲಬೇಕು. ವಿಕ್ಟೋರಿಯಾ ಕ್ರಾಸ್ ಹುಟ್ಟಿದಾಗ ಅದು ಒಂದು ಸುಧಾರಣೆಯೇ ಆಗಿತ್ತು. ಅದಕ್ಕೆ ಮೊದಲು ಬ್ರಿಟಿಷ್ ಸೈನ್ಯದಲ್ಲಿ ದೊಡ್ಡ ಗೌರವವೆಂದರೆ ಆರ್ಡರ್ ಆಫ್ ದಿ ಬಾತ್, ಅದು ಹಿರಿಯ ಅಧಿಕಾರಿಗಳಿಗೆ ಮೀಸಲು. ಕ್ರಿಮಿಯಾ ಯುದ್ಧದ ವರದಿಗಳನ್ನು ಟೈಮ್ಸ್ ಪತ್ರಿಕೆಗೆ ವಿಲಿಯಂ ಹೊವರ್ಡ್ ರಸೆಲ್ ಕಳಿಸತೊಡಗಿದ ಮೇಲೆ ಚಳಿಯಲ್ಲಿ, ಕಾಲರಾದಲ್ಲಿ, ಅಧಿಕಾರಿಗಳ ಅವಿವೇಕದಲ್ಲಿ ಸಾಯುತ್ತಿದ್ದ ಸಾಮಾನ್ಯ ಸಿಪಾಯಿಯ ಮುಖ ಇಂಗ್ಲೆಂಡಿನ ಓದುಗರಿಗೆ ಕಂಡಿತು. 1856ರ ಜನವರಿ 29ರಂದು ರಾಣಿಯ ಸನ್ನದು ಹೊರಟಿತು. ದರ್ಜೆ, ಕುಲ, ಸೇವಾವಧಿ ಯಾವುದೂ ಲೆಕ್ಕಕ್ಕಿಲ್ಲ. ಶತ್ರುವಿನೆದುರು ತೋರಿದ ಧೈರ್ಯವೊಂದೇ ಅರ್ಹತೆ. 1857ರ ಜೂನ್ 26ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ರಾಣಿ ಕುದುರೆಯ ಮೇಲೆ ಕುಳಿತೇ 62 ಮಂದಿಯ ಎದೆಗೆ ಪದಕ ಚುಚ್ಚಿದಳು. ಸಾಲಿನಲ್ಲಿ ಅಧಿಕಾರಿಯ ಜತೆಗೆ ಸಾಮಾನ್ಯ ಸೈನಿಕನೂ ನಾವಿಕನೂ ನಿಂತಿದ್ದರು.

ಪದಕದಲ್ಲಿ ಬೆಳ್ಳಿಬಂಗಾರದ ಝಳಪಿಲ್ಲ. ಮಾಸಲು ಕಂಚಿನ ಶಿಲುಬೆ, ನಡುವೆ ಕಿರೀಟದ ಮೇಲೆ ಸಿಂಹ, ಕೆಳಗೆ ಶೌರ್ಯಕ್ಕಾಗಿ ಎಂಬರ್ಥದ ಎರಡು ಇಂಗ್ಲಿಷ್ ಪದ, ಹಿಂಬದಿಯಲ್ಲಿ ಕೃತ್ಯದ ದಿನಾಂಕ, ಮೇಲೆ ಕಡುಗೆಂಪು ಪಟ್ಟಿ. ಸೆವಾಸ್ತೊಪೋಲ್‌ನಲ್ಲಿ ಗೆದ್ದ ರಷ್ಯನ್ ಫಿರಂಗಿಗಳನ್ನು ಕರಗಿಸಿ ಇದನ್ನು ಎರಕ ಹೊಯ್ಯುತ್ತಾರೆ ಎಂಬ ಕಥೆ ಜನಜನಿತ. ಆದರೆ ಲೋಹದ ಮೂಲವೆಂದು ತೋರಿಸುವ ಫಿರಂಗಿಗಳು ಚೀನಾದಲ್ಲಿ ತಯಾರಾದವು. ತನ್ನ ಲೋಹದ ಬಗೆಗೇ ಇಂಥ ಕಥೆ ಕಟ್ಟಿಕೊಂಡ ಪದಕದ ಸನ್ನದಿನ ಮಾತನ್ನೂ ಆಚರಣೆಯ ಎದುರು ಇಟ್ಟು ನೋಡಬೇಕು.

ಆಚರಣೆಯಲ್ಲಿ ಕಂಡದ್ದೇನು? ಕ್ಲಾಗ್‌ಸ್ಟನ್‌ನ ಪದಕವನ್ನೂ ಸೇರಿಸಿ 1857ರ ದಂಗೆಯ ಲೆಕ್ಕಕ್ಕೆ ಸಂದ ವಿಕ್ಟೋರಿಯಾ ಕ್ರಾಸ್‌ಗಳು 182. ಇಡೀ ಎರಡನೆಯ ಮಹಾಯುದ್ಧದಲ್ಲಿ, ಆರು ವರ್ಷ, ಹಲವು ಖಂಡ, ಎಲ್ಲ ಸಾಗರಗಳ ಲೆಕ್ಕ ಹಿಡಿದರೂ ಸಂದವು ಅಷ್ಟೇ, 182. ಶೌರ್ಯ ಅಷ್ಟು ಏರುಪೇರಾಗುವ ವಸ್ತುವಲ್ಲ. ಏರುಪೇರಾದದ್ದು ಕೊಡುವವರ ಅಗತ್ಯ. ಸಿಪಾಯಿಗಳು ತಿರುಗಿಬಿದ್ದು ಸಾಮ್ರಾಜ್ಯದ ಬುಡವೇ ಅಲುಗಿದಾಗ ಅದಕ್ಕೆ ವೀರರು ಬೇಕಾಗಿದ್ದರು. ಆ ವೀರರು ದೇಶೀಯರಾಗಬಾರದಾಗಿತ್ತು. ಆ 182ರಲ್ಲಿ ದೇಶೀ ಸಿಪಾಯಿ ಒಬ್ಬನೂ ಇಲ್ಲ. 1858ರಲ್ಲಿ ಸೈನಿಕರ ಜತೆ ನಿಂತು ಹೋರಾಡಿದ ಬಿಳಿಯ ನಾಗರಿಕರಿಗೂ ಬಾಗಿಲು ತೆರೆಯಿತು, ಲಕ್ನೋದ ಕಚೇರಿ ನೌಕರ ಥಾಮಸ್ ಹೆನ್ರಿ ಕ್ಯಾವನಾಗ್‌ಗೆ ಪದಕ ಬಂತು. ಸಮವಸ್ತ್ರ ತೊಟ್ಟ ದೇಶೀಯನಿಗೆ ಮಾತ್ರ ಅದು ಮುಚ್ಚಿಯೇ ಇತ್ತು.

1857ರ ಸೆಪ್ಟೆಂಬರ್ 14ರಂದು ದೆಹಲಿಯ ಕಾಶ್ಮೀರಿ ದರ್ವಾಜೆಯನ್ನು ಸಿಡಿಮದ್ದಿನಿಂದ ಒಡೆದ ತಂಡವನ್ನೇ ತೆಗೆದುಕೊಳ್ಳಿ. ಹಗಲು ಬೆಳಕಿನಲ್ಲಿ ಮದ್ದಿನ ಚೀಲ ಹೊತ್ತು ಮುರಿದ ಸೇತುವೆ ದಾಟಿ ಬಾಗಿಲ ಬುಡಕ್ಕೆ ಓಡುವ ಕೆಲಸ. ಬಿಳಿಯರೂ ಭಾರತೀಯ ಸ್ಯಾಪರ್‌ಗಳೂ ಒಟ್ಟಿಗೆ ಓಡಿದರು, ಒಟ್ಟಿಗೆ ಬಿದ್ದರು. ಬಿಳಿಯರ ಪಾಲಿಗೆ ವಿಕ್ಟೋರಿಯಾ ಕ್ರಾಸ್ ಬಂತು, ಸ್ಯಾಪರ್‌ಗಳ ಪಾಲಿಗೆ ಆರ್ಡರ್ ಆಫ್ ಮೆರಿಟ್. ಎರಡನೆಯದು ಕೀಳು ಪದಕವೇನಲ್ಲ. 1837ರಿಂದಲೇ ಇದ್ದ ಅದು ವಿಕ್ಟೋರಿಯಾ ಕ್ರಾಸ್‌ಗಿಂತ ಹಳೆಯದು, ಮೂರು ದರ್ಜೆಯದು. ಮೂರನೇ ದರ್ಜೆಗೆ ಸಂಬಳದ ಮೂರನೇ ಒಂದು ಪಾಲು ಹೆಚ್ಚುವರಿ, ಎರಡನೆಯದಕ್ಕೆ ಮೂರರಲ್ಲಿ ಎರಡು ಪಾಲು, ಮೊದಲ ದರ್ಜೆಗೆ ಇಮ್ಮಡಿ ಸಂಬಳ. ಭಾರತೀಯರಿಗೆ ಇದು ಇದೆಯಲ್ಲ, ಇನ್ನೊಂದೇಕೆ ಎಂಬುದು ಸರ್ಕಾರದ ಸಬೂಬು. ಹಣ ಕೊಟ್ಟರು, ಸಮಾನತೆ ಕೊಡಲಿಲ್ಲ.

ಈ ಬೇಲಿ ಬಿದ್ದದ್ದು 1911ರಲ್ಲಿ. ಐದನೇ ಜಾರ್ಜ್‌ನ ದೆಹಲಿ ದರ್ಬಾರಿನಲ್ಲಿ ಅದರ ಘೋಷಣೆಯಾಯಿತು. ಮೂರೇ ವರ್ಷದಲ್ಲಿ, 1914ರ ಅಕ್ಟೋಬರ್ 31ರಂದು, ಬೆಲ್ಜಿಯಂನ ಹೊಲೆಬೆಕೆಯಲ್ಲಿ ಮಷಿನ್ ಗನ್ ಬಿಡದೆ ನಿಂತ ಖುದಾದಾದ್ ಖಾನ್ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯನಾದ. ಬೆನ್ನಿಗೇ ಗಢವಾಲಿನ ದರ್ವಾನ್ ಸಿಂಗ್ ನೇಗಿ ಬಂದ. ಧೈರ್ಯ ಆ ಮೂರು ವರ್ಷದಲ್ಲಿ ಹುಟ್ಟಲಿಲ್ಲ. ಅದನ್ನು ನೋಡಲು ಸರ್ಕಾರ ಕಣ್ಣು ಬಿಟ್ಟಿತು, ಅಷ್ಟೆ.

ಅಲ್ಲಿಗೆ ಕಥೆ ಸರಿಹೋಯಿತೇ? ಕ್ಲಾಗ್‌ಸ್ಟನ್‌ನ ದಳದ ಮುಂದಿನ ಚರಿತ್ರೆ ನೋಡಿ. ಹೈದರಾಬಾದ್ ಕಾಂಟಿಂಜೆಂಟ್‌ನ ಎರಡನೆಯ ಅಶ್ವದಳ 1903ರಲ್ಲಿ 29ನೇ ಲ್ಯಾನ್ಸರ್ಸ್, ಡೆಕ್ಕನ್ ಹಾರ್ಸ್ ಎಂಬ ಹೆಸರು ಪಡೆಯಿತು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನ್‌ನ ಜೋರ್ಡಾನ್ ನದಿಯ ಪಶ್ಚಿಮ ದಂಡೆಯಲ್ಲಿ ಈ ದಳಕ್ಕೆ ಎಡಗಡೆಯ ಗುಡ್ಡದಿಂದ ಗುಂಡಿನ ಮಳೆ ಸುರಿಯಿತು. ಗುಡ್ಡದ ಮೇಲೆ ಮಷಿನ್ ಗನ್‌ಗಳು, ಇನ್ನೂರು ಕಾಲಾಳುಗಳು. ಬೇರೆ ದಳದಿಂದ ಬಂದು ಇಲ್ಲಿ ಸೇವೆಯಲ್ಲಿದ್ದ ರಿಸಾಲ್ದಾರ್ ಬದ್ಲು ಸಿಂಗ್ ಕೈಗೆ ಸಿಕ್ಕ ಆರು ಮಂದಿಯನ್ನು ಸೇರಿಸಿಕೊಂಡು ಗುಡ್ಡ ಏರಿ ಅದನ್ನು ಗೆದ್ದ. ಒಂದು ಮಷಿನ್ ಗನ್ನನ್ನು ಒಬ್ಬನೇ ಹಿಡಿಯುವಾಗ ಪ್ರಾಣಾಂತಿಕ ಗಾಯವಾಯಿತು. ಅವನ ಉಸಿರು ನಿಲ್ಲುವ ಮೊದಲೇ ಗುಡ್ಡದ ಮೇಲಿನವರೆಲ್ಲ ಶರಣಾಗಿದ್ದರು. ವಿಕ್ಟೋರಿಯಾ ಕ್ರಾಸ್ ಮರಣೋತ್ತರವಾಗಿ ಬಂತು.

ಅದೇ ದಳ, ನಡುವೆ 59 ವರ್ಷ. ಮೊದಲ ಸಲ ಬಿಳಿಯ ಅಧಿಕಾರಿ ಮತ್ತು ಎಂಟು ಜನ. ಎರಡನೆಯ ಸಲ ಭಾರತೀಯ ರಿಸಾಲ್ದಾರ್ ಮತ್ತು ಆರು ಜನ. ಪದಕ ಪಡೆದವನ ಬಣ್ಣ ಬದಲಾಯಿತು, ಹಿಂದೆ ಹೋದವರು ಸಂಖ್ಯೆಯಾಗಿಯೇ ಉಳಿದರು. 1944ರ ಜುಲೈ 10ರಂದು ಇಟಲಿಯಲ್ಲಿ ಐದನೇ ಮರಾಠಾ ಲೈಟ್ ಇನ್‌ಫೆಂಟ್ರಿಯ ನಾಯಕ್ ಯಶವಂತ ಘಾಡಗೆ ಒಬ್ಬನೇ ಮಷಿನ್ ಗನ್ ನೆಲೆಯ ಮೇಲೆ ಬಿದ್ದು ವಿಕ್ಟೋರಿಯಾ ಕ್ರಾಸ್ ಗಳಿಸಿದ. ಒಬ್ಬನೇ ಏಕೆ? ಅವನ ಸೆಕ್ಷನ್ನಿನ ಉಳಿದವರೆಲ್ಲ ಅದಾಗಲೇ ಸತ್ತೋ ಗಾಯಗೊಂಡೋ ಬಿದ್ದಿದ್ದರು. ಆ ರೆಜಿಮೆಂಟಿನ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಗಡಿಯ ಎರಡೂ ಕಡೆಯ ಹುಡುಗರು ಭರ್ತಿಗೆಂದು ಇವತ್ತಿಗೂ ಅಲ್ಲಿಗೆ ಹೋಗುತ್ತಾರೆ. ಘಾಡಗೆಯ ಹೆಸರು ಅವರಿಗೆ ಮೊದಲ ವಾರದಲ್ಲೇ ಬಾಯಿಪಾಠವಾದರೆ ಆಶ್ಚರ್ಯವಿಲ್ಲ. ಅವನ ಸೆಕ್ಷನ್ ಪ್ರಶಸ್ತಿಯ ಬರಹದಲ್ಲಿ ಒಂದು ಉಪವಾಕ್ಯ.

ಸಾಕ್ಷಿಯ ಮಾತಿಗೆ ಬರೋಣ. ಮೂಲ ಸನ್ನದಿನ ಪ್ರಕಾರ ದಳಪತಿಯ ಕಣ್ಣೆದುರೇ ನಡೆದ ಕೃತ್ಯಕ್ಕೆ ಪದಕವನ್ನು ಸ್ಥಳದಲ್ಲೇ ಕೊಡಬಹುದಿತ್ತು. ಕಣ್ಣ ಮರೆಯಲ್ಲಿ ನಡೆದದ್ದನ್ನು ಅವನಿಗೆ ಒಪ್ಪಿಗೆಯಾಗುವಂತೆ ರುಜುವಾತು ಮಾಡಬೇಕಿತ್ತು. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಲು ಕರ್ನಾಟಕದ ನಂಟಿರುವ ಎರಡು ಘಟನೆ ಸಾಕು. ವಿಲಿಯಂ ಲೀಫ್ ರಾಬಿನ್ಸನ್ ಹುಟ್ಟಿದ್ದು 1895ರಲ್ಲಿ, ಕೊಡಗಿನ ಪೊಲ್ಲಿಬೆಟ್ಟದ ಕಾಫಿ ತೋಟದಲ್ಲಿ. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲೂ. 1916ರ ಸೆಪ್ಟೆಂಬರ್ 3ರ ನಸುಕಿನಲ್ಲಿ ಅವನು ಲಂಡನ್ನಿನ ಹೊರವಲಯದ ಆಕಾಶದಲ್ಲಿ ಜರ್ಮನ್ ವಾಯುನೌಕೆಗೆ ಬೆಂಕಿ ಹಚ್ಚಿ ಉರುಳಿಸಿದ. ಬ್ರಿಟನ್ನಿನ ನೆಲದ ಮೇಲೆ ಹೊಡೆದುರುಳಿಸಿದ ಮೊದಲ ವಾಯುನೌಕೆ ಅದು. ನಿದ್ದೆಗೆಟ್ಟ ಸಾವಿರಾರು ಜನ ಬೀದಿಗೆ ಬಂದು ನೋಡಿದರು, ಚಪ್ಪಾಳೆ ಹೊಡೆದರು. ಎರಡೇ ದಿನದಲ್ಲಿ ವಿಕ್ಟೋರಿಯಾ ಕ್ರಾಸ್ ಪ್ರಕಟವಾಯಿತು. ರಾಬಿನ್ಸನ್‌ನ ಧೈರ್ಯ ನಿಜ, ಅನುಮಾನವಿಲ್ಲ. ಆದರೆ ರಾಜಧಾನಿಯೇ ಸಾಕ್ಷಿಯಾಗಿ ನಿಂತ ಧೈರ್ಯ ಅದು.

ಎರಡನೆಯದು, ಬದ್ಲು ಸಿಂಗ್ ಗುಡ್ಡ ಹತ್ತಿದ ಅದೇ ದಿನದ್ದು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್‌ಗಳು ಗೆದ್ದರು. ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರು, ಮೇಲೆ ಫಿರಂಗಿಗಳು, ಕೆಳಗೆ ಕಿಶೋನ್ ಹೊಳೆಯ ಕೆಸರು; ಎದುರಾಳಿಯ ಕೈಯಲ್ಲಿ ಮಷಿನ್ ಗನ್, ಇವರ ಕೈಯಲ್ಲಿ ಭರ್ಜಿ. ಮೈಸೂರಿನವರು ಬೆಟ್ಟ ಹತ್ತಿ ಫಿರಂಗಿಗಳನ್ನು ಅಡಗಿಸಿದರೆ ಜೋಧಪುರದವರು ಊರೊಳಗೆ ನುಗ್ಗಿದರು. ಸೆರೆ ಸಿಕ್ಕವರು 1,350. ವಶವಾದವು 17 ಫಿರಂಗಿ, 11 ಮಷಿನ್ ಗನ್. ದಾಳಿಯಲ್ಲಿ ಮೇಜರ್ ದಲ್ಪತ್ ಸಿಂಗ್ ಮಡಿದ. ಕೆಲವರಿಗೆ ಮಿಲಿಟರಿ ಕ್ರಾಸ್ ಬಂತು, ಇನ್ನು ಕೆಲವರಿಗೆ ಆರ್ಡರ್ ಆಫ್ ಮೆರಿಟ್. ವಿಕ್ಟೋರಿಯಾ ಕ್ರಾಸ್ ಒಂದೂ ಇಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್‌ಗಳ ಸ್ಮಾರಕ ಸ್ತಂಭವಿದೆ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಜೋಧಪುರ, ಮೈಸೂರು, ಹೈದರಾಬಾದ್ ದಳಗಳವು. ಪದಕದ ಪಟ್ಟಿಯಷ್ಟನ್ನೇ ಹಿಡಿದು ಆ ದಿನವನ್ನು ಓದುವವನಿಗೆ ಹೈಫಾ ಕಾಣುವುದೇ ಇಲ್ಲ.

ಶೌರ್ಯ ಸಾಮೂಹಿಕವೆಂಬುದು ಬ್ರಿಟಿಷರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. 1856ರ ಸನ್ನದಿನ 13ನೇ ಕಲಮು ಅದನ್ನೇ ಹೇಳುತ್ತದೆ. ಒಂದು ತುಕಡಿಯ ಎಲ್ಲರೂ ಸಮನಾಗಿ ಧೈರ್ಯ ತೋರಿದ್ದಾರೆ, ಯಾರನ್ನೂ ಬೇರೆ ಮಾಡಿ ತೋರಿಸಲಾಗದು ಎನಿಸಿದರೆ, ಅಧಿಕಾರಿಗಳು ತಮ್ಮಲ್ಲೊಬ್ಬನನ್ನು, ಕಿರಿಯ ದರ್ಜೆಯವರು ಒಬ್ಬನನ್ನು, ಸಾಮಾನ್ಯ ಸೈನಿಕರು ಇಬ್ಬರನ್ನು ಮತ ಹಾಕಿ ಆರಿಸಬೇಕು. 1857–58ರಲ್ಲಿ ಈ ಕಲಮಿನ ಪ್ರಕಾರ ಹಲವು ಪದಕ ಹೋದವು. 1918ರ ಜೀಬ್ರುಗ್ ದಾಳಿಯಲ್ಲಿ ಕೊನೆಯ ಸಲ ಅದನ್ನು ಬಳಸಿದರು. ಆಯ್ಕೆಯಾದವನು ಉಳಿದವರ ಪ್ರತಿನಿಧಿ ಎಂಬುದು ಅಲ್ಲಿನ ತಿಳುವಳಿಕೆ. ನನ್ನ ಮಟ್ಟಿಗೆ ಇಡೀ ಸನ್ನದಿನಲ್ಲಿ ಅತ್ಯಂತ ಪ್ರಾಮಾಣಿಕವಾದ ಕಲಮು ಇದೇ. ಪದಕ ಒಬ್ಬನಿಗೆ ಸಲ್ಲುವುದು ಅನುಕೂಲಕ್ಕಾಗಿ, ಸತ್ಯಕ್ಕಾಗಿ ಅಲ್ಲವೆಂದು ಕೊಡುವವನೇ ಒಪ್ಪಿಕೊಂಡ ಮಾತು ಅದು. ಚಿಚಂಬಾದ ಸವಾರರಿಗೆ ಆ ಕಲಮೂ ಅನ್ವಯಿಸುತ್ತಿರಲಿಲ್ಲ. ಅವರು ಪದಕಕ್ಕೇ ಅರ್ಹರಾಗಿರಲಿಲ್ಲವಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಪದಕಗಳ ಹೆಸರು ಬದಲಾಯಿತು, ಜರಡಿಗಳು ಹಾಗೇ ಉಳಿದವು. 1948ರ ಸೆಪ್ಟೆಂಬರ್ 13ರ ಬೆಳಗಿನಲ್ಲಿ ಭಾರತದ ಸೈನ್ಯ ಸೊಲ್ಲಾಪುರದಿಂದ ಹೊರಟು ಹೈದರಾಬಾದ್ ಸಂಸ್ಥಾನದ ಗಡಿ ದಾಟಿತು. ಮೊದಲು ನಳದುರ್ಗ, ಬೋರಿ ನದಿಯ ಸೇತುವೆ, ಕೋಟೆ. ಅಂದಿನ ಮೊಕ್ಕಾಂ ಉಮರ್ಗಾದಲ್ಲಿ. ಆ ದಿನ ನಳದುರ್ಗದ ಬಳಿ ಎರಡನೇ ಸಿಖ್ ಪಲ್ಟಣಿನ ಹವಾಲ್ದಾರ್ ಬಚಿತ್ತರ್ ಸಿಂಗ್ ಶತ್ರುವಿನ ಗುಂಡಿನ ನೆಲೆಯ ಮೇಲೆ ಏರಿಹೋಗಿ, ತೊಡೆಗೆ ಗುಂಡು ಬಿದ್ದ ಮೇಲೂ ತೆವಳಿಕೊಂಡು ಹೋಗಿ ಗ್ರೆನೇಡ್ ಎಸೆದು ಅದನ್ನು ಅಡಗಿಸಿ ಪ್ರಾಣ ಬಿಟ್ಟ. ಅದೇ ದಿನ ದಕ್ಷಿಣದ ಗಡಿಯಲ್ಲಿ, ತುಂಗಭದ್ರೆಯ ರೈಲು ಸೇತುವೆಯ ಬಳಿ, ಗೂರ್ಖಾ ದಳದ ನಾಯಕ್ ನರಬಹಾದ್ದೂರ್ ಥಾಪಾ ಶತ್ರುವಿನ ಬ್ರೆನ್ ಗನ್ ನೆಲೆಯನ್ನು ಖುಕ್ರಿ ಹಿಡಿದು ಮುಗಿಸಿದ. ಅಶೋಕ ಚಕ್ರದ ಪಟ್ಟಿ ಶುರುವಾಗುವುದು ಈ ಹೆಸರುಗಳಿಂದ.

ಪರಮವೀರ ಚಕ್ರ ಏಕಲ್ಲ? ಪರಮವೀರ ಶತ್ರುವಿನೆದುರಿನ ಶೌರ್ಯಕ್ಕೆ, ಅಶೋಕ ಚಕ್ರ ಅದರ ಹೊರಗಿನ ಶೌರ್ಯಕ್ಕೆ. ಹೈದರಾಬಾದಿನಲ್ಲಿ ನಡೆದದ್ದು ಯುದ್ಧವಲ್ಲ, ಪೊಲೀಸ್ ಕಾರ್ಯಾಚರಣೆ ಎಂಬುದು ದೆಹಲಿಯ ನಿಲುವು. ಅದಕ್ಕೆ ಸಮರ್ಥನೀಯ ಕಾರಣಗಳಿದ್ದವು. ಹೈದರಾಬಾದನ್ನು ಪರದೇಶವೆಂದು ಒಪ್ಪುವಂತಿರಲಿಲ್ಲ, ವಿಷಯ ವಿಶ್ವಸಂಸ್ಥೆಯ ಬಾಗಿಲಿಗೂ ಹೋಗಿತ್ತು. ಆದರೆ ಬಚಿತ್ತರ್ ಸಿಂಗ್‌ನ ತೊಡೆಗೆ ಬಿದ್ದ ಗುಂಡಿಗೆ ಈ ವರ್ಗೀಕರಣದ ಹಂಗಿರಲಿಲ್ಲ. ಯಾವ ಪದಕ ಎಂಬುದನ್ನು ನಿರ್ಧರಿಸಿದ್ದು ಅವನ ಕೃತ್ಯವಲ್ಲ, ರಾಜ್ಯ ಆ ಕಾಳಗವನ್ನು ಯಾವ ಕಡತದಲ್ಲಿಟ್ಟಿತು ಎಂಬುದು.

ಪದಕದ ಕಣ್ಣಿಗೆ ಬೀಳದೆ ಉಳಿದದ್ದೂ ಇಲ್ಲಿ ಬಹಳ. ಅದೇ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರಟಾದಲ್ಲಿ ನಿಜಾಮನ ಪರ ನಿಂತ ರಜಾಕಾರರು ಊರ ಜನರನ್ನು ಸಾಮೂಹಿಕವಾಗಿ ಕೊಂದರು. ನೆರೆಯವರನ್ನು ಅಡಗಿಸಿಟ್ಟು ಕಾದವರಿಗೆ ಯಾವ ಗೆಜೆಟ್ಟೂ ಇರಲಿಲ್ಲ. ಸೆಪ್ಟೆಂಬರ್ ನಂತರ ನಡೆದ ಸೇಡಿನ ಕೊಲೆಗಳ ತನಿಖೆಗೆ ಹೋದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಹೆಸರಿಸಿದ್ದು ನಾಲ್ಕನ್ನು: ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ. ಉಮರ್ಗಾ ಆಗ ಉಸ್ಮಾನಾಬಾದಿನಲ್ಲಿತ್ತು; ನಿಲಂಗಾ, ಉದಗೀರ ಬೀದರಿನಲ್ಲಿದ್ದವು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಬೇರೆ ಧರ್ಮದ ನೆರೆಯವನಿಗೆ ಬಾಗಿಲು ತೆರೆದು, ಹೊರಗೆ ನಿಂತ ಗುಂಪಿಗೆ ಇಲ್ಲ ಎನ್ನಲು ಬೇಕಾದ ಗುಂಡಿಗೆ ಮಷಿನ್ ಗನ್ನಿನೆದುರು ಬೇಕಾದದ್ದಕ್ಕಿಂತ ಕಡಿಮೆಯದಲ್ಲ. ಅದಕ್ಕೆ ದಳಪತಿಯ ಸಾಕ್ಷಿ ಎಲ್ಲಿಂದ ಬರಬೇಕು?

ಪರಮವೀರದ ಕಡೆಯೂ ಒಂದು ನೋಟ ಹರಿಸೋಣ. ಕಾರವಾರದ ಚೆಂಡಿಯಾದವರು ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬ ರಾಣೆ. ಬಾಂಬೆ ಸ್ಯಾಪರ್ಸ್‌ನವರು. 1948ರ ಏಪ್ರಿಲ್ 8ರಿಂದ 11ರವರೆಗೆ ನೌಶೇರಾ–ರಜೌರಿ ದಾರಿಯಲ್ಲಿ ಗುಂಡಿನ ಸುರಿಮಳೆಯ ನಡುವೆ ನೆಲಬಾಂಬು ತೆಗೆದು, ಅಡ್ಡಗಟ್ಟಿದ ಮರ ಸರಿಸಿ, ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟರು. ಬದುಕಿದ್ದು ಪರಮವೀರ ಚಕ್ರ ಪಡೆದ ಮೊದಲಿಗರು. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆಯಿದೆ. ಮೊದಲ ದಿನವೇ ಅವರ ತಂಡದಲ್ಲಿ ಇಬ್ಬರು ಸತ್ತರು, ರಾಣೆಯೂ ಸೇರಿ ಐವರು ಗಾಯಗೊಂಡರು. ಪ್ರಶಸ್ತಿಯ ಬರಹದಲ್ಲಿ ಈ ವಿಷಯ ಮತ್ತೆ ಅಂಕಿಯಾಗಿಯೇ ಬರುತ್ತದೆ. ರಾಣೆಯ ಹಿರಿಮೆ ಇದರಿಂದ ಒಂದು ಕೂದಲೆಳೆಯಷ್ಟೂ ತಗ್ಗುವುದಿಲ್ಲ. ಬರೆಯುವ ರೂಢಿ ಮಾತ್ರ ಚಿಚಂಬಾದಿಂದ ನೌಶೇರಾದವರೆಗೆ ಒಂದೇ.

ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಬ್ರಿಟಿಷರ ಪರ ಕಾದಿದವರ, ಅದರಲ್ಲೂ ಬಂಡುಕೋರರ ಮೇಲೆ ಬಿದ್ದ ಸವಾರರ ಹೆಸರು ನಮಗೇಕೆ ಎಂಬುದು ಮೊದಲನೆಯದು. ಬಂಡೆದ್ದವರ ನೆನಪು ನಮ್ಮಲ್ಲಿ ಉಳಿದಿದೆ ಎಂಬುದೇ ನನ್ನ ಉತ್ತರ. ಚಿಚಂಬಾಕ್ಕೆ ಒಂದು ವರ್ಷ ಮೊದಲು, 1857ರ ಕೊನೆಯಲ್ಲಿ, ಆಯುಧ ಒಪ್ಪಿಸಲು ಒಲ್ಲದ ಹಲಗಲಿಯ ಬೇಡರ ಮೇಲೆ ಇಂಥದೇ ಕುದುರೆಗಳು ಓಡಿದ್ದವು. ಆ ಕಾಳಗದ ಲಾವಣಿಯನ್ನು ಇಂಗ್ಲಿಷ್ ಅಧಿಕಾರಿ ಜಾನ್ ಫ್ಲೀಟ್ ಮುಂದೆ ಸಂಗ್ರಹಿಸಿ ಅಚ್ಚು ಹಾಕಿಸಿದ. ಲಾವಣಿಯಲ್ಲಿ ಜಡಗ, ಬಾಲ, ಹನುಮ, ರಾಮ ಹೆಸರಿನಿಂದಲೇ ಬರುತ್ತಾರೆ. ಸೋತವರನ್ನು ಊರು ಹೆಸರಿಟ್ಟು ಹಾಡಿತು, ಗೆದ್ದವರ ಸವಾರರನ್ನು ಸರ್ಕಾರ ಎಣಿಸಿ ಬಿಟ್ಟಿತು. ಆ ಸವಾರರು ಮಾಡಿದ್ದು ಸರಿಯೋ ತಪ್ಪೋ ಎಂಬ ತೀರ್ಪಿಗೂ ಮೊದಲು ಅವರು ಯಾರೆಂಬುದು ಗೊತ್ತಿರಬೇಕು. ಅಂಕಿಯನ್ನು ಯಾರೂ ವಿಚಾರಣೆಗೆ ಕರೆಯಲಾರರು, ಕ್ಷಮಿಸಲೂ ಆರರು.

ಈ ನೆಲಕ್ಕೆ ವೀರಗಲ್ಲಿನ ರೂಢಿಯೂ ಇದೆ. ತುರುಗಾಹಿನಲ್ಲಿ ಸತ್ತ ಸಾಮಾನ್ಯನಿಗೂ ಕಲ್ಲು ನಿಂತಿತು; ಹತ್ತನೆಯ ಶತಮಾನದ ಆತಕೂರಿನ ಶಾಸನದಲ್ಲಿ ಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ನಾಯಿಗೂ ಹೆಸರಿದೆ. ಬರಹವೇ ಇಲ್ಲದ ವೀರಗಲ್ಲುಗಳೂ ಹೇರಳ, ಹಳೆಯದೆಲ್ಲ ಚೆಂದವೆಂದು ಹೇಳುತ್ತಿಲ್ಲ. ಆದರೆ ಅಲ್ಲಿ ಸಾಕ್ಷಿ ಹೇಳುವ ಹಕ್ಕು ದಳಪತಿಯೊಬ್ಬನದೇ ಆಗಿರಲಿಲ್ಲ. ದನ ಉಳಿಸಿಕೊಂಡ ಊರೂ ಸಾಕ್ಷಿ ನುಡಿಯಬಹುದಿತ್ತು.

ಎಲ್ಲರಿಗೂ ಕೊಟ್ಟರೆ ಪದಕಕ್ಕೆ ಬೆಲೆ ಉಳಿಯುವುದೇ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಹುರುಳಿದೆ. 1856ರಿಂದ ಇಂದಿನವರೆಗೆ ಸಂದ ವಿಕ್ಟೋರಿಯಾ ಕ್ರಾಸ್‌ಗಳು ಸಾವಿರದ ಮುನ್ನೂರೈವತ್ತರ ಆಸುಪಾಸು. ಪರಮವೀರ ಚಕ್ರಗಳು 21. ವಿರಳತೆಯೇ ಅವುಗಳ ತೂಕ. ನಾನು ಕೇಳುತ್ತಿರುವುದು ಹೆಚ್ಚು ಪದಕವನ್ನಲ್ಲ, ಹೆಚ್ಚು ಹೆಸರುಗಳನ್ನು. 2019ರಲ್ಲಿ ತೆರೆದ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ ಸ್ವಾತಂತ್ರ್ಯಾನಂತರ ಮಡಿದ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು ಕಲ್ಲಿನ ಮೇಲಿದೆ. ಅಷ್ಟನ್ನು ಕೆತ್ತಿಸಬಲ್ಲ ರಾಜ್ಯಕ್ಕೆ ಒಂದು ಪ್ರಶಸ್ತಿ ಪತ್ರದ ಕೆಳಗೆ ಆರೋ ಎಂಟೋ ಹೆಸರು ಅಚ್ಚು ಹಾಕುವುದು ಕಷ್ಟವಲ್ಲ. ಸ್ಮಾರಕ ನೆನೆಯುವುದು ಸತ್ತವರನ್ನು. ಜತೆಗೆ ನುಗ್ಗಿ ಬದುಕಿ ಬಂದ ಆ ಎಂಟನೆಯ ಸವಾರನಿಗೆ ಅಲ್ಲೂ ಜಾಗವಿಲ್ಲ.

ಆದ್ದರಿಂದ ಬೇಡಿಕೆ ಸರಳ. ಇಂದಿನ ಶೌರ್ಯ ಪ್ರಶಸ್ತಿಗಳ ಬರಹದಲ್ಲಿ ಸಂಗಡಿಗರು ಎಂದೋ ಆರು ಜವಾನರು ಎಂದೋ ಬರುವ ಕಡೆಯಲ್ಲೆಲ್ಲ, ಗೋಪ್ಯತೆಯ ಅಗತ್ಯವಿಲ್ಲದಿದ್ದರೆ, ಅವರ ಹೆಸರು, ದರ್ಜೆ, ಊರು ಸೇರಲಿ. ಇದಕ್ಕೆ ಹೊಸ ಕಾನೂನು ಬೇಡ, ಬರೆಯುವವರ ಶಿಸ್ತು ಸಾಕು. ಗಡಿಯ ಇಕ್ಕೆಲದ ನಮಗೂ ಕೆಲಸವಿದೆ. ಸೆಪ್ಟೆಂಬರ್ 17ನ್ನು ಅಲ್ಲಿ ಮರಾಠವಾಡಾ ಮುಕ್ತಿದಿನವೆಂದೂ ಇಲ್ಲಿ ಕಲ್ಯಾಣ ಕರ್ನಾಟಕ ಉತ್ಸವವೆಂದೂ ಆಚರಿಸುತ್ತೇವೆ. ಎರಡೂ ಕಡೆ ಬಾವುಟ, ಭಾಷಣ, ನಾಲ್ಕೈದು ದೊಡ್ಡ ಹೆಸರು. ಪ್ರತಿ ಗ್ರಾಮ ಪಂಚಾಯಿತಿ ತನ್ನ ಊರಿನಿಂದ ಸೈನ್ಯಕ್ಕೆ ಹೋದವರ, ರಜಾಕಾರರನ್ನು ಎದುರಿಸಿದವರ, ಗಲಭೆಯಲ್ಲಿ ನೆರೆಯವರನ್ನು ಕಾದವರ, ಕೊಲೆಯಾದವರ ಪಟ್ಟಿಯನ್ನು, ಯಾವ ಧರ್ಮದವರೆಂದು ನೋಡದೆ, ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಬರೆದು ಗೋಡೆಗೆ ಹಾಕಿದರೆ ಆ ದಿನಕ್ಕೆ ಅರ್ಥ ಬರುತ್ತದೆ. 1948ನ್ನು ಕಣ್ಣಾರೆ ಕಂಡವರಲ್ಲಿ ಬದುಕಿರುವವರು ಈಗ ಎಂಬತ್ತು ದಾಟಿದ್ದಾರೆ. ಸರ್ಕಾರದ ಗೆಜೆಟ್ಟನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಊರಿನ ಪಟ್ಟಿ ನಮ್ಮ ಕೈಯಲ್ಲಿದೆ, ಮತ್ತು ಅದನ್ನು ಹೇಳಿ ಬರೆಸಬಲ್ಲವರು ಇರುವಾಗಲೇ ಬರೆದುಕೊಳ್ಳಬೇಕು.